ಜೋಯಿಡಾದ ಮಣ್ಣುಗೋಡೆ

ಉತ್ತರ ಕನ್ನಡದ ಜೋಯಿಡಾ ಕಾಡಿನ ಕುಣಬಿ ಸಮುದಾಯದವರ ಹಳೆಯ ಮನೆಗಳಲ್ಲಿ ನನಗೆ ತುಂಬ ಇಷ್ಟವಾಗುವುದು ಗೋಡೆ. ಸುತ್ತಲಿನದೇ ಕೆಮ್ಮಣ್ಣಿಗೆ ನೀರು ಹಾಕಿ, ಕಾಲಲ್ಲಿ ತುಳಿದು, ಹದ ಬಂದ ಮೇಲೆ ವರಸೆ ವರಸೆಯಾಗಿ ಏರಿಸುತ್ತಾರೆ. ಒಂದು ವರಸೆ ಬಿಗಿಯದೆ ಇನ್ನೊಂದಿಲ್ಲ. ಆತುರಪಟ್ಟರೆ ಹಸಿ ಗೋಡೆ ಭಾರಕ್ಕೆ ಬಾಗುತ್ತದೆ. ಹಳಿಯಾಳ, ಮುಂಡಗೋಡದ ದನಗಾಹಿ ಗೌಳಿಗರದು ಬೇರೆ ದಾರಿ: ಬಿದಿರು, ಕಡ್ಡಿಗಳ ತಟ್ಟಿಗೆ ಮಣ್ಣು, ಸಗಣಿ ಮೆತ್ತುವುದು.

ಮಣ್ಣಿಗೆ ಮಳೆಯೇ ವೈರಿ. ಅದಕ್ಕೇ ಮಾಡು ಗೋಡೆಯಾಚೆ ಉದ್ದಕ್ಕೆ ಚಾಚಿ ಇಳಿಯುತ್ತದೆ. ಜಗಲಿ ಗೋಡೆಯ ಬುಡವನ್ನು ಕಾಯುತ್ತದೆ. ದಪ್ಪ ಗೋಡೆ ಬಿಸಿಲಿನ ಕಾವನ್ನು ತಡೆದು ನಿಧಾನವಾಗಿ ಒಳಬಿಡುತ್ತದೆ, ಗಾಳಿಯ ತೇವ ಹೀರಿ ಮತ್ತೆ ಬಿಡುತ್ತದೆ. ಸಿಮೆಂಟಿಗಾದರೆ ಸುಣ್ಣದಕಲ್ಲನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡಬೇಕು. ಈ ಗೋಡೆಗೆ ಬಿಸಿಲೇ ಸಾಕು. ಬಿದ್ದರೂ ಅದೇ ಮಣ್ಣನ್ನು ಕಲಸಿ ಮತ್ತೆ ಕಟ್ಟಬಹುದು.

ಆದರೆ ಗೆದ್ದಲಿನ ಕಾಟವಿದೆ. ಸಾರಣೆಯ ದುಡಿಮೆ ಹೆಚ್ಚಾಗಿ ಹೆಂಗಸರದೇ. ಇವನ್ನು ಮರೆತು ಮಣ್ಣಿನ ಮನೆಯನ್ನು ಹೊಗಳಬಾರದು. ನಡುದಾರಿಯೊಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ, ತುಸು ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ, ಸುಡದ ಮಣ್ಣಿನ ಇಟ್ಟಿಗೆಯನ್ನು ಬಳಕೆಗೆ ತಂದಿತು. ದಾಂಡೇಲಿ ಸುತ್ತಿನ ಹಳ್ಳಿಯವರೇ, ಹಳೆ ಗೋಡೆ ಕೆಡವಿ ಸಿಮೆಂಟಿಗೆ ದುಡ್ಡು ಸುರಿಯುವ ಮೊದಲು ಆ ಇಟ್ಟಿಗೆಯ ಬಗ್ಗೆ ಒಮ್ಮೆ ವಿಚಾರಿಸಿ.