ಡಿಸ್ಕಸ್ ಮತ್ಸ್ಯದ ಸಾಕಣೆ

ದಕ್ಷಿಣ ಅಮೆರಿಕದ ಅಮೆಜಾನ್ ನದೀಕೊಳ್ಳದಲ್ಲಿ, ಪ್ರವಾಹಕಾಲಕ್ಕೆ ಮುಳುಗುವ ಅರಣ್ಯದ ಬೇರುಕೊಂಬೆಗಳ ನಡುವೆ, ಕೊಳೆತ ಎಲೆಗಳಿಂದ ಚಹದ ಬಣ್ಣಕ್ಕೆ ತಿರುಗಿದ ಬೆಚ್ಚನೆಯ ಮೆದುನೀರಿನಲ್ಲಿ ಗುಂಪುಗೂಡಿ ಬಾಳುವ ಡಿಸ್ಕಸ್ ಮತ್ಸ್ಯವನ್ನು ಕಂಡವರು, ಚಕ್ರಾಕಾರದ ಆ ಚಪ್ಪಟೆ ದೇಹವನ್ನೂ, ಅದರ ಮೇಲೆ ಹರಿದಾಡುವ ನೀಲರೇಖೆಗಳನ್ನೂ, ಅವಸರವನ್ನರಿಯದ ಗಂಭೀರಗತಿಯನ್ನೂ ಮೆಚ್ಚದಿರಲಾರರು. ಆಸ್ಟ್ರಿಯದ ಪ್ರಾಣಿಶಾಸ್ತ್ರಜ್ಞ ಯೋಹಾನ್ ಯಾಕೋಬ್ ಹೆಕೆಲನು 1840ರಲ್ಲಿ ಇದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದನು.

ಇಂತಹ ಅತಿಥಿಯನ್ನು ಮನೆಗೆ ಕರೆತರಬಯಸುವವನು ಮೊದಲು ನೀರನ್ನು ಅಣಿಗೊಳಿಸಬೇಕು. ಐದಾರು ಮರಿಗಳು ಒಡನಾಡಿ ಬೆಳೆಯುವುದಕ್ಕೆ 250 ಲೀಟರಿಗೆ ಕಡಮೆಯಿಲ್ಲದ ಗಾಜಿನ ತೊಟ್ಟಿ ಬೇಕು. ಮೀನುಗಳ ವಿಸರ್ಜನೆಯಿಂದ ಹುಟ್ಟುವ ವಿಷಮಯವಾದ ಅಮೋನಿಯವನ್ನು ಮೊದಲು ನೈಟ್ರೈಟಾಗಿಯೂ ಬಳಿಕ ನೈಟ್ರೇಟಾಗಿಯೂ ಮಾರ್ಪಡಿಸುವ ಸೂಕ್ಷ್ಮಾಣುಜೀವಿಗಳು ಫಿಲ್ಟರಿನಲ್ಲಿ ನೆಲೆಗೊಳ್ಳುವವರೆಗೆ ಕೆಲವು ವಾರಗಳ ಕಾಲ ಮೀನುಗಳನ್ನು ಬಿಡದೆ ತಾಳ್ಮೆಯಿಂದ ಕಾಯಬೇಕು. ಉಷ್ಣತೆಯು 28ರಿಂದ 30 ಡಿಗ್ರಿ ಸೆಲ್ಸಿಯಸ್ ಇರುವಂತೆ ಹೀಟರನ್ನು ಅಳವಡಿಸಿ, ಕ್ಲೋರಿನ್ ಕಳೆದ ನೀರನ್ನು ಆಗಾಗ್ಗೆ ಬದಲಿಸುತ್ತಿರಬೇಕು.

ಈ ಪರಿಶ್ರಮದ ಪರಮಫಲವೆಂದರೆ ಅವುಗಳ ವಾತ್ಸಲ್ಯದ ದರ್ಶನ: ಮೊಟ್ಟೆಯೊಡೆದು ಈಜಲಾರಂಭಿಸಿದ ಮರಿಗಳು ತಾಯಿತಂದೆಗಳ ಮೈಗಂಟಿಕೊಂಡು, ಚರ್ಮದಿಂದ ಒಸರುವ ಲೋಳೆಯನ್ನೇ ಸ್ತನ್ಯದಂತೆ ಉಂಡು ಬೆಳೆಯುತ್ತವೆ, ತಾಯಿ ದಣಿದಾಗ ತಂದೆಯೂ, ತಂದೆ ದಣಿದಾಗ ತಾಯಿಯೂ ಆ ಹೊಣೆಯನ್ನು ಹೊರುವುದುಂಟು. ಮೈಯಿಂದಲೇ ಮಕ್ಕಳನ್ನು ಪೋಷಿಸುವ ಧರ್ಮವು ಸಸ್ತನಿಗಳಿಗೆ ಮಾತ್ರ ಮೀಸಲೆಂದು ಬಗೆದವನಿಗೆ, ಜಲಚರದಲ್ಲಿಯೂ ಅದನ್ನು ಕಣ್ಣಾರೆ ಕಾಣುವ ಭಾಗ್ಯಕ್ಕಾಗಿ ನಾಲ್ಕಾರು ಬಕೆಟ್ಟು ನೀರು ಹೊರುವುದು ದುಬಾರಿಯೆನಿಸಲಾರದು.