ಟಿಪಿಆರ್‌ನ ಕೊನೆಯ ಅಕ್ಷರ

ಚಿಕ್ಕಪ್ಪನಿಗೆ ಸೊಂಟದ ಮೂಳೆಯ ಆಪರೇಷನ್ ಆದಾಗ ಬೇರೆ ಕೆಲಸವಿಲ್ಲದೆ ಮಂಚಕ್ಕೆ ತೂಗುಹಾಕಿದ್ದ ಟಿಪಿಆರ್ (ಟೆಂಪರೇಚರ್, ಪಲ್ಸ್, ರೆಸ್ಪಿರೇಷನ್) ಚಾರ್ಟನ್ನು ಓದುತ್ತ ಕೂತಿದ್ದೆ. ಜ್ವರದ ಗೆರೆ ಏರಿಳಿದಿತ್ತು, ನಾಡಿಯದೂ ಏರಿಳಿದಿತ್ತು. ಉಸಿರಾಟದ ಸಾಲಿನಲ್ಲಿ ಮಾತ್ರ ಎರಡು ದಿನವೂ 20, 20, 20. ಪಕ್ಕದ ಮಂಚದವರಿಗೂ 20. ಅದರಾಚೆಯವರಿಗೆ 18, ಬರೆದ ಕೈ ಬೇರೆಯದಿರಬೇಕು.

ದೊಡ್ಡವರ ಉಸಿರಾಟ ನಿಮಿಷಕ್ಕೆ 12ರಿಂದ 20. ಹಾಗಾಗಿ 20 ಎಂದು ಬರೆದರೆ ಯಾರೂ ತಕರಾರು ತೆಗೆಯುವುದಿಲ್ಲ. ಎಣಿಸದೆ ಬರೆಯಲು ಅದಕ್ಕಿಂತ ಸುರಕ್ಷಿತ ಅಂಕಿ ಇಲ್ಲ.

ಎಣಿಸುವ ವಿಧಾನದಲ್ಲಿ ದೋಷವಿಲ್ಲ, ನಿಜಕ್ಕೂ ಜಾಣತನವಿದೆ. ಎಣಿಸುತ್ತಿದ್ದಾರೆಂದು ಗೊತ್ತಾದರೆ ರೋಗಿಯ ಉಸಿರಿನ ಲಯವೇ ಬದಲಾಗುತ್ತದೆ. ಅದಕ್ಕೇ ನಾಡಿ ನೋಡಿ ಮುಗಿದ ಮೇಲೂ ಮಣಿಕಟ್ಟು ಬಿಡದೆ, ಕಣ್ಣನ್ನು ಎದೆಯ ಮೇಲಿಟ್ಟು ಪೂರ್ತಿ ಒಂದು ನಿಮಿಷ ಎಣಿಸಬೇಕೆಂದು ನರ್ಸಿಂಗ್ ಓದುವವರಿಗೆ ಹೇಳಿಕೊಡುತ್ತಾರೆ. ಆದರೆ ಮೂವತ್ತು ಮಂಚದ ವಾರ್ಡಿನಲ್ಲಿ ಅದೊಂದಕ್ಕೇ ಅರ್ಧ ಗಂಟೆ ಬೇಕು. ಬಿಪಿಗೆ ಯಂತ್ರ ಬಂತು, ನಾಡಿಗೆ ಬಂತು. ಇಂಥ ವಾರ್ಡುಗಳಲ್ಲಿ ಉಸಿರಿಗೆ ಮಾತ್ರ ಸಾಮಾನ್ಯವಾಗಿ ಇನ್ನೂ ಮನುಷ್ಯರೇ ನಿಂತು ನೋಡಬೇಕು. ಆ ಮನುಷ್ಯರನ್ನು ಒದಗಿಸದ ಆಡಳಿತ ಚಾರ್ಟು ಭರ್ತಿಯಾಗಿರಬೇಕೆಂದು ಮಾತ್ರ ಬಯಸುತ್ತದೆ.

ಉಸಿರು ವೇಗವಾದರೆ ಎಣಿಸದಿದ್ದರೂ ಕಣ್ಣಿಗೆ ಬೀಳುತ್ತದೆ. ಏದುಸಿರು, ಮೇಲುಸಿರು, ಉಬ್ಬಸ, ದಮ್ಮು ಎಂದು ಕನ್ನಡದಲ್ಲಿ ಅದಕ್ಕೆ ಎಷ್ಟೊಂದು ಹೆಸರು! ನಿಧಾನವಾದ ಉಸಿರಿಗೆ ಇರುವುದು ನಿಟ್ಟುಸಿರೊಂದೇ, ಅದೂ ದುಃಖದ ಲೆಕ್ಕಕ್ಕೆ. ನಮ್ಮ ತರಬೇತಿಯೂ ಹೀಗೇ ವೇಗದ ಕಡೆ ವಾಲಿದೆ. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗಿನದಕ್ಕೆ 50, ಐದು ವರ್ಷದವರೆಗೆ 40 ಮುಟ್ಟಿದರೆ ಅಪಾಯ ಎಂಬುದು ನ್ಯುಮೋನಿಯಾ ಪತ್ತೆಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟ ಗೆರೆ. ಒಳ್ಳೆಯ ಗೆರೆಯೇ. ಆದರೆ 60ರಲ್ಲಿ ಏದುತ್ತಿದ್ದ ಮಗು ಸುಸ್ತಾಗಿ, ಮಂಕಾಗಿ 20ಕ್ಕೆ ಇಳಿದರೆ ಅದು ಗುಣವಲ್ಲ, ಉಸಿರು ನಿಲ್ಲುವ ಮುನ್ಸೂಚನೆ.

ದೊಡ್ಡವರಲ್ಲಿ ಉಸಿರು ಇಳಿಯಲು ಕಾರಣ ಹಲವು: ನಿದ್ದೆ ಮಾತ್ರೆಯ ಜೊತೆ ಹೆಂಡ, ತಲೆಗೆ ಪೆಟ್ಟು ಬಿದ್ದು ಬುರುಡೆಯೊಳಗೆ ಏರಿದ ಒತ್ತಡ, ಚಿಕಿತ್ಸೆಯಿಲ್ಲದೆ ಕೈಮೀರಿದ ಥೈರಾಯ್ಡ್ ಕೊರತೆ. ಆಸ್ಪತ್ರೆಯಲ್ಲಿ ನಾವೇ ತಂದುಕೊಳ್ಳುವ ಕಾರಣವೆಂದರೆ ಮಾರ್ಫಿನ್‌ನಂಥ ನೋವಿನ ಇಂಜೆಕ್ಷನ್. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಮೆದುಳಿನ ಬುಡದಲ್ಲಿರುವ ಉಸಿರಾಟದ ಕೇಂದ್ರ ಎಚ್ಚೆತ್ತು ಎದೆಯನ್ನು ದುಡಿಸುತ್ತದೆ. ಮಾರ್ಫಿನ್ ಆ ಎಚ್ಚರವನ್ನೇ ಮಂಕಾಗಿಸುತ್ತದೆ. ಕಿಡ್ನಿ ಸೋತ ಮುದುಕರಲ್ಲಿ ಮಾರ್ಫಿನ್ನಿನ ಶೇಷ ಹೊರಹೋಗದೆ ಮೈಯಲ್ಲೇ ಉಳಿದು ಪರಿಣಾಮ ಇನ್ನೂ ಬಲಿಯುತ್ತದೆ. (ಪ್ರಾಣಾಯಾಮದಲ್ಲಿ ನಿಮಿಷಕ್ಕೆ ಆರು ಸಲ ಉಸಿರಾಡುತ್ತೇವಲ್ಲ ಎನ್ನುವವರಿದ್ದಾರೆ. ಅವರು ಬೇಕೆಂದಾಗ ನಿಲ್ಲಿಸಿ ಕಾಫಿ ಕುಡಿಯಲು ಏಳಬಲ್ಲರು.)

ಅಂದು ರಾತ್ರಿ ಚಿಕ್ಕಪ್ಪ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಅವರ ನೆಮ್ಮದಿಯ ನಿದ್ದೆ ಕಂಡು ನಮಗೂ ನೆಮ್ಮದಿ. ಯಾಕೋ ವಾಚು ಹಿಡಿದು ಎಣಿಸಿದೆ, ಒಂಬತ್ತು. ಮತ್ತೆ ಎಣಿಸಿದೆ, ಎಂಟು. ಕರೆದರೆ ಓಗೊಡಲಿಲ್ಲ. ಓಡಿ ಬಂದ ಸಿಸ್ಟರ್ ಬೆರಳಿಗೆ ಕ್ಲಿಪ್ ಹಾಕಿ, "ಸ್ಯಾಚುರೇಷನ್ 98 ಇದೆಯಲ್ಲ ಸರ್," ಎಂದರು. ಇತ್ತು, ನಿಜ. ಮೂಗಿಗೆ ಆಮ್ಲಜನಕ ಹಾಕಿದ್ದರು. ಹೊರಗಿನಿಂದ ಆಮ್ಲಜನಕ ಕೊಟ್ಟಾಗ ಉಸಿರು ಕುಗ್ಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತಿದ್ದರೂ ಆ ಕ್ಲಿಪ್ ಬಹಳ ಹೊತ್ತು ಚೆನ್ನಾಗಿದೆ ಎಂದೇ ತೋರಿಸಬಲ್ಲದು. ಕೋವಿಡ್ ನಂತರ ನಾವೆಲ್ಲ ಆ ಬೆರಳಿನ ಕ್ಲಿಪ್ಪಿಗೆ ಭಕ್ತರಾಗಿದ್ದೇವೆ. ಕೊನೆಗೆ ಡ್ಯೂಟಿ ಡಾಕ್ಟರು ಬಂದು ಮಾರ್ಫಿನ್ನಿಗೆ ಎದುರುಮದ್ದಾದ ನ್ಯಾಲಾಕ್ಸೋನ್ ಕೊಟ್ಟರು. ಅದರ ಪರಿಣಾಮ ಮಾರ್ಫಿನ್‌ಗಿಂತ ಬೇಗ ಇಳಿಯುತ್ತದೆಂದು ಬೆಳಗಿನವರೆಗೆ ಎಣಿಸಲು ಹೇಳಿದರು.

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ಹೊರತಂದ ಅಪಾಯದ ಅಂಕಪಟ್ಟಿಯಲ್ಲಿ ಉಸಿರು 8 ಅಥವಾ ಅದಕ್ಕಿಂತ ಕಡಿಮೆಯಾದರೆ 3 ಅಂಕ. 25 ಮುಟ್ಟಿದವರಿಗೂ ಅಷ್ಟೇ. ಎರಡೂ ತುದಿಗೆ ಸಮನಾದ ತೂಕ ಕೊಟ್ಟದ್ದು ಆ ಪಟ್ಟಿಯ ಹೆಚ್ಚುಗಾರಿಕೆ. ಆದರೂ ಎಣಿಸದೆ ಬರೆದ 20ಕ್ಕೆ ಅದೂ ಸೊನ್ನೆಯನ್ನೇ ಕೊಡುತ್ತದೆ.

ನನ್ನ ದೊಡ್ಡ ಆಕ್ಷೇಪ ಹೊತ್ತಿನ ಬಗ್ಗೆ. ಚಾರ್ಟು ತುಂಬುವ ಹೊತ್ತು ಶಿಫ್ಟಿಗೆ ಹೊಂದಿಕೊಂಡಿದೆ, ಇಂಜೆಕ್ಷನ್ನಿಗಲ್ಲ. ರಕ್ತನಾಳಕ್ಕೆ ಕೊಟ್ಟ ಮಾರ್ಫಿನ್ ನಿಮಿಷಗಳಲ್ಲೇ ಉಸಿರು ಇಳಿಸಬಹುದು. ಬೆನ್ನುಹುರಿಯ ದ್ರವಕ್ಕೆ ಕೊಟ್ಟದ್ದು ಹಲವು ಗಂಟೆ ಕಳೆದ ಮೇಲೂ ಇಳಿಸಬಹುದು. ಚಿಕ್ಕಪ್ಪನಿಗೆ ಇಂಜೆಕ್ಷನ್ ಬಿದ್ದದ್ದು ರಾತ್ರಿ ಹನ್ನೊಂದಕ್ಕೆ. ಚಾರ್ಟಿನಲ್ಲಿ ಹತ್ತರ ನಂತರದ ಮನೆ ಬೆಳಗಿನ ಆರರದು.