ಚೆಂಡೂ ರುಂಡವೂ

ಪೊಳಲಿಯ ರಾಜರಾಜೇಶ್ವರಿಯ ಜಾತ್ರೆಯಲ್ಲಿ ಐದು ದಿನ ನಡೆಯುವ ತೊಗಲ ಚೆಂಡಿನಾಟದ ಹೆಸರನ್ನು ಘಟ್ಟದ ಮೇಲಿನ ನಾವೂ ಕೇಳಿದ್ದೇವೆ. ದೇವಿ ಕಡಿದ ರಾಕ್ಷಸರ ರುಂಡವೇ ಆ ಚೆಂಡೆಂಬುದು ಜನರ ನಂಬಿಕೆ. ಗ್ವಾಟೆಮಾಲದ ಕಿಚೆ ಮಾಯಾ ಜನರ ಪುರಾಣವಾದ ‘ಪೊಪೊಲ್ ವುಹ್’ನಲ್ಲಿಯೂ ಚೆಂಡಿನಾಟವುಂಟು, ರುಂಡವುಂಟು. ಇಷ್ಟು ಕಂಡೊಡನೆ ಎರಡೂ ಧರ್ಮವು ಅಧರ್ಮವನ್ನು ಗೆದ್ದ ಕಥೆಯೇ ಎಂದು ತೀರ್ಪು ಕೊಡುವ ತೌಲನಿಕ ವಿಮರ್ಶೆಯನ್ನು ನಾನು ಒಪ್ಪಲಾರೆ.

ರುಂಡ ಯಾರದು? ಪೊಳಲಿಯಲ್ಲಿ ಶತ್ರುವಿನದು, ಅಲ್ಲಿ ನಾಯಕರ ತಂದೆಯದು. ಪಾತಾಳದ ಒಡೆಯರು ಅವನನ್ನು ಆಟಕ್ಕೆ ಕರೆಸಿ ಕೊಂದು, ತಲೆಯನ್ನು ಮರಕ್ಕೆ ಸಿಕ್ಕಿಸುತ್ತಾರೆ. ಬರಡು ಮರ ಕಾಯಿ ಬಿಡುತ್ತದೆ. ಆ ತಲೆಯ ಉಗುಳು ಅಂಗೈಗೆ ಬಿದ್ದ ಪಾತಾಳದ ಕನ್ಯೆಯೊಬ್ಬಳು ಅವಳಿಗಳ ತಾಯಿಯಾಗುತ್ತಾಳೆ. ಕೊನೆಗೆ ಗೆಲ್ಲುವವರು ಆ ಅವಳಿಗಳೇ, ನಿಜ. ಆದರೆ ತಾವೇ ಬೆಂಕಿಗೆ ಹಾರಿ, ಮೂಳೆಪುಡಿಯಾಗಿ ಹೊಳೆಗೆ ಬಿದ್ದು, ಮರಳಿ ಎದ್ದ ಮೇಲೆ! ಮೆಕ್ಸಿಕೋದ ಚಿಚೆನ್ ಇಟ್ಜಾದ ಚೆಂಡಿನಂಗಳದ ಶಿಲ್ಪದಲ್ಲಿಯೂ ರುಂಡವಿಲ್ಲದ ಆಟಗಾರನ ಕೊರಳ ನೆತ್ತರು ಹಾವುಗಳಾಗಿ, ಹೂಬಳ್ಳಿಯಾಗಿ ಚಿಮ್ಮಿದೆ.

ಪೊಳಲಿಯ ರುಂಡ ಕೇಡು ಮುಗಿದುದರ ಗುರುತು. ಮಾಯಾ ಪುರಾಣದ ರುಂಡ ಬಿತ್ತಿದ ಬೀಜ. ಒಂದು ಜಯದ ಕಥೆ, ಇನ್ನೊಂದು ಬೆಳೆಯ ಕಥೆ. 18ನೆಯ ಶತಮಾನದ ಮೊದಲಲ್ಲಿ ಫ್ರಾನ್ಸಿಸ್ಕೊ ಷಿಮೆನೆಸ್ ಎಂಬ ಪಾದ್ರಿ ನಕಲು ಮಾಡಿದುದರಿಂದ ನಮ್ಮ ಕೈಗೆ ಬಂದ ಕೃತಿಯಿದು. ಬಹಳ ಕಷ್ಟದಿಂದ ಉಳಿದ ಮಾತಿನ ಬಾಯಲ್ಲಿ ನಮ್ಮ ಅರ್ಥವನ್ನು ತುರುಕುವುದು ಹೋಲಿಕೆಯಲ್ಲ, ಅತಿಕ್ರಮ. ಸಾದೃಶ್ಯ ಕಂಡಲ್ಲಿ ವಿಮರ್ಶಕನ ಕೆಲಸ ಮೊದಲಾಗುತ್ತದೆ, ಮುಗಿಯುವುದಿಲ್ಲ.